ಏಳೋ ಎಂಟೋ

ಕಾಕಾ ಅವರಿಗೆ ಮರೆವು ಯಾವಾಗ ಶುರುವಾಯಿತು ಎಂದು ಹೇಳಬಲ್ಲವನು ನಾನೊಬ್ಬನೇ ಎಂದು ಅವರ ಮನೆಯವರು ನಂಬಿದ್ದರು. ಗ್ಯಾರೇಜಿನಲ್ಲಿ ಸೀಸ ಕರಗಿಸತೊಡಗಿದ್ದಕ್ಕೆ ಮೊದಲೋ, ಆಮೇಲೋ? ಆಮೇಲೆ ಎಂದಾದರೆ ಅದು ಸೀಸದ ವಿಷ. ಮೈಯಿಂದ ಅದು ಇಳಿದರೆ ಮನುಷ್ಯ ಸ್ವಲ್ಪವಾದರೂ ವಾಪಸು ಬರಬಹುದು. ಮೊದಲೇ ಎಂದಾದರೆ ಅದು ಬೇರೆ ಕಾಯಿಲೆ, ಅದರಿಂದ ಯಾರೂ ವಾಪಸು ಬಂದದ್ದಿಲ್ಲ. ಇಷ್ಟು ದೊಡ್ಡ ಪ್ರಶ್ನೆಗೆ ಇದ್ದ ಸಾಕ್ಷಿ ಒಂದು ಮಧ್ಯಾಹ್ನದ ಫೋನ್ ಕರೆ, ಆ ಕರೆಯಲ್ಲಿ ಅವರ ಬಾಯಿಂದ ಬಂದ ಒಂದು ಅಂಕಿ. ಅದು ಏಳೋ ಎಂಟೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದೆ, ಇಲ್ಲಿಗೆ ಬಂದು ಸಂಖ್ಯಾಶಾಸ್ತ್ರ ಹಿಡಿದೆ, ನಡುವೆ ತತ್ವಶಾಸ್ತ್ರವನ್ನು ಅರ್ಧಕ್ಕೆ ಬಿಟ್ಟೆ. ಒಂದು ಕಡೆ ಕೂತು ಒಂದು ವಿಷಯ ನಂಬಿಕೊಂಡಿರುವುದು ನನ್ನ ಜಾಯಮಾನವಲ್ಲ. ಪ್ರತಿ ಸೆಮಿಸ್ಟರಿನ ಮೊದಲ ವಾರ ವಿದ್ಯಾರ್ಥಿಗಳಿಗೆ ಹೇಳುವ ಮಾತೊಂದಿದೆ: ಮನುಷ್ಯನ ಬಳಿಯಿರುವ ಅಳತೆಯ ಉಪಕರಣಗಳಲ್ಲಿ ಅತಿ ಕೆಟ್ಟದ್ದು ನೆನಪು, ತಪ್ಪು ತೋರಿಸುವಾಗಲೂ ಅದರ ಮುಳ್ಳು ಅಲ್ಲಾಡುವುದಿಲ್ಲ. ಹುಡುಗರು ನಗುತ್ತಾರೆ. ನಾನೂ ಬಹಳ ವರ್ಷ ಅದನ್ನು ನಗಿಸುವುದಕ್ಕೇ ಹೇಳುತ್ತಿದ್ದೆ.

ಕಾಕಾ ಹುಬ್ಬಳ್ಳಿಯವರು. ಸ್ಯಾನ್ ಡಿಯಾಗೊದ ಟೆಲಿಕಾಂ ಕಂಪನಿಯೊಂದರಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತರಾಗಿ ಅಲ್ಲೇ ಹತ್ತಿರದ ಪೊವೇಯಲ್ಲಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡದವರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ನನ್ನನ್ನು ಅವರು ಮಾಸ್ತರ ಎಂದು ಕರೆಯುತ್ತಿದ್ದರು, ಅದರಲ್ಲಿ ಅರ್ಧ ಗೇಲಿ. ಅವರ ಬಳಿ ಒಂದು ಹಳೆಯ ರಿವಾಲ್ವರ್ ಇತ್ತು. ಶನಿವಾರ ಬೆಳಿಗ್ಗೆ ಪೂರ್ವದ ಗುಡ್ಡಗಳ ಕಡೆಯ ಶೂಟಿಂಗ್ ರೇಂಜಿಗೆ ಹೋಗಿ ಕಾಗದಕ್ಕೆ ತೂತು ಹೊಡೆದು ಬರುತ್ತಿದ್ದರು. ನನಗೆ ಬಂದೂಕು ಎಂದರೆ ಆಗದು. ಯಾಕೆ ಇದು ಎಂದು ಕೇಳಿದಾಗ, "ಮನಷ್ಯಾಗ ಒಂದರ ಕೆಲಸಕ್ಕ ಬಾರದ ಚಟ ಇರಬೇಕಪಾ, ಇಲ್ಲಾಂದ್ರ ಹೆಂಡ್ತಿ ಜೋಡಿ ಜಗಳಾ ಆಡೂದೊಂದ ಉಳೀತೈತಿ" ಎಂದಿದ್ದರು.

ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರಿನ ಜೊತೆಗೆ ಗುಂಡುಗಳೂ ಖಾಲಿಯಾದವು. ಆಗ ನಾವು ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಕಾಕಾ ಫೋನ್ ಮಾಡಿದರು.

"ಮಾಸ್ತರ, ಅಂಗಡ್ಯಾಗ ಒಂದ ಗುಂಡಿಲ್ಲಪಾ. ಜನಾ ಅಕ್ಕಿ ಬ್ಯಾಳಿ ತುಂಬ್ಕೊಂಡಂಗ ತುಂಬ್ಕೊಂಡಾರ. ನಾನ ಮಾಡ್ತೀನಿ."

"ಮಾಡೋದು ಅಂದ್ರೆ?"

"ಸೀಸಾ ಕಾಸಿ ಅಚ್ಚಿನಾಗ ಹೊಯ್ಯೂದು. ನಮ್ಮವ್ವ ಉಂಡಿ ಕಟ್ತಿದ್ಲಲ್ಲ, ಹಂಗ. ಆದ್ರ ಇದಕ್ಕ ಅಳತಿ ಬೇಕು. ಅಳತಿ ನಿಂದು."

ಬಂದೂಕಿನ ಮಾತಾಗಿದ್ದರೆ ನಾನು ಫೋನ್ ಇಡುತ್ತಿದ್ದೆ. ಅಳತೆ ಎಂದದ್ದಕ್ಕೆ ಸಿಕ್ಕಿಬಿದ್ದೆ. ಅವರಿಗೂ ಅದು ಗೊತ್ತಿತ್ತು.

ವಿಷಯ ಇಷ್ಟೇ. ಅಚ್ಚಿನಿಂದ ಬಂದ ಸೀಸದ ಗುಂಡು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ ಇರುತ್ತದೆ. ಅದನ್ನು ಡೈ ಎಂಬ ಉಕ್ಕಿನ ಉಂಗುರದೊಳಗಿಂದ ಒತ್ತಿ ತೂರಿಸಿದರೆ ಸರಿಯಾದ ದಪ್ಪಕ್ಕೆ ಬರುತ್ತದೆ. ಡೈಗಳು ಬೇರೆ ಬೇರೆ ಅಳತೆಯಲ್ಲಿ ಸಿಗುತ್ತವೆ. ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮುನ್ನೂರ ಐವತ್ತೇಳು ಭಾಗದ್ದು ಒಂದು, ಮುನ್ನೂರ ಐವತ್ತೆಂಟರದ್ದು ಇನ್ನೊಂದು. ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯದು. ಕಾಕಾ ಕೆಲಸದಲ್ಲಿ ಎಷ್ಟೇ ಇಂಗ್ಲಿಷ್ ಬಳಸಿದ್ದರೂ ಲೆಕ್ಕವನ್ನು ಮಾತ್ರ ಕನ್ನಡದಲ್ಲೇ ಮಾಡುತ್ತಿದ್ದರು. "ಮುನ್ನೂರಾ ಐವತ್ತೇಳು ಅನ್ನೂದ್ರಾಗ ಸೀಸಾ ಆರಿ ಹೊಕ್ಕೈತಿ. ಏಳು ಅನ್ನು, ಎಂಟು ಅನ್ನು, ಸಾಕು" ಎಂದು ಅವರೇ ಗೊತ್ತುಮಾಡಿದರು. ಹಾಗಾಗಿ ನಮ್ಮ ಮಾತಿನಲ್ಲಿ ಉಳಿದದ್ದು ಏಳು ಮತ್ತು ಎಂಟು. ಅವರ ಬಾಯಲ್ಲಿ ಅದು ಏಳ, ಎಂಟ. ಇಂಗ್ಲಿಷಿನಲ್ಲಿ ಮಾತಾಡಿದ್ದರೆ ನಾನು ಈ ಬರಹ ಬರೆಯಬೇಕಾಗಿ ಬರುತ್ತಿರಲಿಲ್ಲ.

ಆ ವಸಂತದಲ್ಲಿ ಫೋನಿನಲ್ಲೇ ಚರ್ಚೆ ಮಾಡಿ ಏಳು ಎಂದು ತೀರ್ಮಾನಿಸಿದೆವು. ಆ ಜಾತಿಯ ರಿವಾಲ್ವರಿನ ಹೆಸರಿನಲ್ಲೇ ಆ ಅಂಕಿ ಇದೆ, ಕಂಪನಿಯವರ ನಳಿಗೆಯ ಅಳತೆಯೂ ಅದೇ. ಅದಕ್ಕಿಂತ ಸಹಜವಾದ ಉತ್ತರ ಇರಲಿಲ್ಲ.

ಸೀಸ ಸಿಕ್ಕಿದ್ದು ಓಷನ್ ಬೀಚ್‌ನ ಒಂದು ಗ್ಯಾರೇಜ್ ಸೇಲಿನಲ್ಲಿ. ಸಮುದ್ರದಾಳಕ್ಕೆ ಮುಳುಗಿ ಈಜುವವರು ಮೇಲೆ ತೇಲದಿರಲಿ ಎಂದು ಸೊಂಟಕ್ಕೆ ಕಟ್ಟಿಕೊಳ್ಳುವ ಸೀಸದ ಇಟ್ಟಿಗೆಗಳು. ಕಾಕಾ ಕಾರಿನ ಡಿಕ್ಕಿ ನೆಲಕ್ಕೆ ತಾಗುವಷ್ಟು ತುಂಬಿಕೊಂಡು ಬಂದರು. ಗ್ಯಾರೇಜಿನಲ್ಲಿ ವಿದ್ಯುತ್ ಒಲೆ ಇಟ್ಟು ಕಾಸತೊಡಗಿದರು. ಹೊಗೆ ಕಂಡು ಪಕ್ಕದವರು ಬಡಾವಣೆಯ ಅಸೋಸಿಯೇಷನ್ನಿಗೆ ದೂರು ಕೊಟ್ಟ ಮೇಲೆ ಬಾಗಿಲು ಇಳಿಸಿಕೊಂಡು ಕಾಸತೊಡಗಿದರು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಈ ಕೆಲಸಕ್ಕೆ ಅವರು ಇಟ್ಟ ಹೆಸರು ಗುಂಡು ಹಾಕೂದು. ನಮ್ಮಲ್ಲಿ ಗುಂಡು ಹಾಕುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಬಿಯರಿನ ಲೋಟವನ್ನೂ ಮುಟ್ಟದ ಮನುಷ್ಯ ಝೂಮ್‌ನಲ್ಲಿ ಕನ್ನಡದವರೆಲ್ಲ ಸೇರಿದಾಗ ಗಂಭೀರವಾಗಿ, "ನಾ ಹೊಂಟ್ಯಾ, ಗುಂಡ್ ಹಾಕೂ ಹೊತ್ತಾತು" ಎಂದು ಎದ್ದುಹೋಗುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅವರ ಮಗಳು ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ವಾರಕ್ಕೊಮ್ಮೆ ಫೋನ್ ಮಾಡಿ ಅಪ್ಪ ಎಲ್ಲಿ ಎಂದು ಕೇಳಿದರೆ ಕಾಕು, "ಇನ್ನೆಲ್ಲಿ, ಗ್ಯಾರೇಜಿನಾಗ ಗುಂಡ್ ಹಾಕ್ಕೋತ ಕೂತಾರ" ಎನ್ನುತ್ತಿದ್ದರು.

ರೇಂಜು ಮತ್ತೆ ತೆರೆದ ಮೇಲೆ ಗುಂಡುಗಳು ಗುರಿಗೆ ಹೋಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಳಿಗೆಯ ಒಳಗೋಡೆಗೆ ಸೀಸ ಮೆತ್ತಿಕೊಳ್ಳತೊಡಗಿತು. ಪ್ರತಿ ಶನಿವಾರ ಮಧ್ಯಾಹ್ನ ಕಾಕಾ ಹಿತ್ತಾಳೆಯ ಬ್ರಷ್ ಹಾಕಿ ಅದನ್ನು ಕೆರೆದು ತೆಗೆಯುತ್ತಿದ್ದರು. ಮಾರನೆಯ ವರ್ಷ ಲಸಿಕೆ ಹಾಕಿಸಿಕೊಂಡು, ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಬ್ಯಾಗಿಗೆ ಹಾಕಿಕೊಂಡು, ನಾನು ಪೊವೇಗೆ ಡ್ರೈವ್ ಮಾಡಿದೆ. ಗ್ಯಾರೇಜಿನಲ್ಲಿ ಸಣ್ಣ ಟೇಬಲ್, ಅದರ ಮೇಲೆ ಬಿಚ್ಚಿಟ್ಟ ಖಾಲಿ ರಿವಾಲ್ವರ್, ಪಕ್ಕದಲ್ಲೇ ಚುರುಮುರಿಯ ತಟ್ಟೆ.

"ಸಣ್ಣ ಮಾಡಬೇಕನಸ್ತೈತಿ" ಎಂದರು ಕಾಕಾ. "ಗುಂಡ್ ದಪ್ಪ ಆಗಿ ತಿಕ್ಕಾಡಾಕತ್ತೈತಿ. ಇನ್ನೊಂದೆಳಿ ಸಣ್ಣ ಮಾಡಿದ್ರ ಸಲೀಸ ಹೊಕ್ಕೈತಿ."

ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ರಿವಾಲ್ವರಿನಲ್ಲಿ ಗುಂಡು ನಳಿಗೆಗೆ ಹೋಗುವ ಮೊದಲು ಸಿಲಿಂಡರಿನ ಬಾಯಿಯನ್ನು ದಾಟಬೇಕು. ಸಿಲಿಂಡರಿಗೆ ಆರು ಕೋಣೆ, ಆರು ಬಾಯಿ. ನಾನು ಮೆತ್ತನೆಯ ಸೀಸದ ತುಂಡನ್ನು ಒಂದೊಂದು ಬಾಯಿಯಲ್ಲೂ ತೂರಿಸಿ, ಹೊರಬಂದದ್ದನ್ನು ಅಳೆದೆ. ಎಲ್ಲವೂ ಎಂಟು.

"ಬಾಯಿ ಎಂಟು, ಗುಂಡು ಏಳು. ಸುತ್ತ ಸಂದಿ ಇದೆ ಕಾಕಾ. ಆ ಸಂದೀಲಿ ಬಿಸಿ ಗಾಳಿ ನುಗ್ಗಿ ಸೀಸಾನ ಕರಗಿಸಿಕೊಂಡು ಹೋಗ್ತಿದೆ. ಅದೇ ನಳಿಗೇಲಿ ಮೆತ್ಕೊಳ್ತಿದೆ. ಸಣ್ಣ ಮಾಡಿದ್ರೆ ಇನ್ನೂ ಹೆಚ್ಚಾಗತ್ತೆ. ದಪ್ಪ ಮಾಡ್ಬೇಕು."

"ಅಂದ್ರ ಬಾಯಿ ನೋಡಿ ತುತ್ತು ಮಾಡಬೇಕಿತ್ತು. ನಾವು ಗಂಟಲಾ ನೋಡಿ ಮಾಡಿದ್ವಿ."

ಇಷ್ಟು ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಹೇಳಿಲ್ಲ. ಹೀಗೆ ಹೇಳಿದವರು ಸಿಲಿಂಡರನ್ನು ಕೈಗೆತ್ತಿಕೊಂಡು, ಕೆರೆದ ಪುಡಿ ಹೋಗಲೆಂದು ಒಂದೊಂದು ಕೋಣೆಗೂ ಬಾಯಿಟ್ಟು ಊದಿದರು.

"ಹಾಗೆ ಊದ್ಬೇಡಿ ಕಾಕಾ, ಸೀಸ ಅದು. ಮಾಸ್ಕ್ ಹಾಕ್ಕೊಂಡು ಮಾಡಿ."

"ಕೊರೋನಾಕ್ಕೂ ಮಾಸ್ಕು, ಸೀಸಾಕ್ಕೂ ಮಾಸ್ಕು. ಊಟಕ್ಕರ ಬಿಚ್ಚಲೋ ಬ್ಯಾಡೋ?" ಎಂದು ಅದೇ ಕೈಯಿಂದ ಚುರುಮುರಿ ಬಾಯಿಗೆ ಹಾಕಿಕೊಂಡರು.

ಹೀಗೆ ಡೈ ಆರಿಸಿದ್ದು ಎರಡು ಸಲ. ಮೊದಲ ಸಲ ಏಳು, ಗ್ಯಾರೇಜಿಗೆ ಸೀಸ ಬರುವ ಮೊದಲು. ಎರಡನೆಯ ಸಲ ಎಂಟು, ಒಂದು ವರ್ಷ ಸೀಸದ ಹೊಗೆ ಕುಡಿದ ಮೇಲೆ. ಎರಡು ಸಲವೂ ಕಾಕಾ ಆನ್‌ಲೈನಿನಲ್ಲಿ ಆರ್ಡರ್ ಮಾಡುವಾಗ ನನಗೆ ಫೋನ್ ಮಾಡಿ ಅಂಕಿ ಕೇಳಿದರು. ಈ ಎರಡರಲ್ಲಿ ಒಂದು ಸಲ ನಡೆದದ್ದು ಇದು.

ನಾನು ಸಿಂಕಿನ ಮುಂದೆ ನಿಂತು ಟೊಮ್ಯಾಟೊ ತೊಳೆಯುತ್ತಿದ್ದೆ. ಫೋನ್ ಬಂತು.

"ಮಾಸ್ತರ, ಡೈ ಆರ್ಡರ್ ಮಾಡಾಕತ್ತೀನಿ. ಎಷ್ಟಂದಿ?"

ಹೇಳಿದೆ. ಅವರು ಆ ಅಂಕಿಯನ್ನು ತಿರುಗಿ ಹೇಳಿ ಫೋನ್ ಇಟ್ಟರು. ಕೈ ಒದ್ದೆಯಾಗಿರುವಾಗಲೇ ಮತ್ತೆ ಬಂತು.

"ಮಾಸ್ತರ, ಡೈ ಆರ್ಡರ್ ಮಾಡಾಕತ್ತೀನಿ. ಎಷ್ಟಂದಿ?"

ಅದೇ ಧ್ವನಿ, ಅದೇ ಮಾತು. ತಮಾಷೆ ಎಂದುಕೊಂಡು ನಕ್ಕೆ. "ಈಗ ತಾನೆ ಹೇಳಿದ್ನಲ್ಲ ಕಾಕಾ."

"ಯಾವಾಗ?"

ಆ ಯಾವಾಗ ಎಂಬ ಮಾತಿನಲ್ಲಿ ತಮಾಷೆ ಇರಲಿಲ್ಲ. ಅವರ ಕಡೆಯಿಂದ ಯಾವುದೋ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. "ಹೌದೌದು, ಹೇಳಿದ್ದಿ" ಎಂದು ಅಂಕಿಯನ್ನು ಇನ್ನೊಮ್ಮೆ ಹೇಳಿ ಇಟ್ಟುಬಿಟ್ಟರು. ಸಂಜೆಯೊಳಗೆ ಮೂರನೆಯ ಸಲವೂ ಅದೇ ಕರೆ ಬಂತು. ಆಗ ನಾನು ನಗಲಿಲ್ಲ, ಅಂಕಿ ಹೇಳಿದೆ.

ಅವರ ಮರೆವನ್ನು ನಾನು ಮೊದಲು ಕಂಡದ್ದು ಅವತ್ತು. ಅಲ್ಲಿಯವರೆಗೆ ಬೇರೆ ಯಾರೂ ಕಂಡಿರಲಿಲ್ಲ.

ಎರಡನೆಯ ಡೈ ಬಂದ ಮೇಲೆ ಉಳಿದದ್ದೆಲ್ಲ ಬೇಗ ಬೇಗ ನಡೆಯಿತು. ಮಿರಾ ಮೇಸಾದ ಇಂಡಿಯನ್ ಅಂಗಡಿಯಿಂದ ಮನೆಗೆ ಬರುವಾಗ ದಾರಿ ತಪ್ಪಿ ಮುಕ್ಕಾಲು ಗಂಟೆ ದೂರದ ಟೆಮೆಕ್ಯೂಲಾದವರೆಗೆ ಹೋದರು. ಮೊಮ್ಮಕ್ಕಳಿಗೆ ಹೇಳುವ ಹಾಗೆ ಒಂದೇ ಕತೆಯನ್ನು ಅರ್ಧ ಗಂಟೆಯಲ್ಲಿ ಎರಡು ಸಲ ಹೇಳತೊಡಗಿದರು. ಒಂದು ದಿನ ನಾನು ಬಾಗಿಲಲ್ಲಿ ನಿಂತಾಗ ಬಹಳ ಮರ್ಯಾದೆಯಿಂದ, "ಬರ್ರಿ, ಕುಂದರ್ರಿ. ತಮ್ಮದು ಯಾವೂರಾತ್ರಿ?" ಎಂದು ಕೇಳಿದರು. ಅಷ್ಟು ವರ್ಷ ನೀನು ಎಂದವರ ಬಾಯಲ್ಲಿ ತಾವು ಎಂಬ ಮಾತು ಕೇಳಿದೆ. ಮೈಸೂರು ಎಂದು ಹೇಳಿ, ಅವರು ತೋರಿಸಿದ ಕುರ್ಚಿಯಲ್ಲಿ ಕೂತೆ.

ಮಗಳು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಏನೋ ಔಷಧಿ, ಏನೋ ಸಲಹೆ, ತಿಂಗಳುಗಳು ಕಳೆದವು. ಯುಗಾದಿಗೆ ಕ್ಯಾಲಬಾಸಸ್‌ನ ದೇವಸ್ಥಾನದಲ್ಲಿ ಅವಳು ಸಿಕ್ಕಿದಳು. ಪಾರ್ಕಿಂಗ್ ಲಾಟಿನ ಕಟ್ಟೆಯ ಮೇಲೆ ಪುಳಿಯೋಗರೆಯ ತಟ್ಟೆ ಹಿಡಿದು ಕೂತಿದ್ದೆವು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವತ್ತು ಮಾತ್ರ ಕಷ್ಟಪಟ್ಟು ಕನ್ನಡದಲ್ಲಿ ಕೇಳಿದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ನೀವೂ ಅಪ್ಪನ ಜೊತೆ ಗುಂಡು ಹಾಕ್ತಿದ್ರಾ?"

"ನಾನು ಹಾಕ್ತಿರ್ಲಿಲ್ಲಮ್ಮ. ಅಳೆದು ಕೊಡ್ತಿದ್ದೆ ಅಷ್ಟೆ."

"ಅಳೆದು? ಪೆಗ್?"

ನನಗೆ ನಗು ಬಂತು, ಅರ್ಧದಲ್ಲೇ ನಿಂತಿತು. ಮುಖ ಕೆಂಪಗೆ ಮಾಡಿಕೊಂಡು ಅವಳು ಹೇಳಿದಳು: ಅಪ್ಪ ನಿವೃತ್ತರಾದ ಮೇಲೆ ಕುಡಿಯುವುದು ಕಲಿತಿದ್ದಾರೆ, ಗ್ಯಾರೇಜಿನ ಬಾಗಿಲು ಹಾಕಿಕೊಂಡು ಒಬ್ಬರೇ ಕುಡಿಯುತ್ತಾರೆ, ಅಮ್ಮನಿಗೂ ಗೊತ್ತು, ಎಲ್ಲ ಅಂಕಲ್‌ಗಳಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅಪ್ಪ ರೂಮಿನ ಹೊರಗಿದ್ದಾಗ ಡಾಕ್ಟರಿಗೆ ಗುಟ್ಟಾಗಿ ಅದನ್ನು ಅವಳೇ ಹೇಳಿದ್ದಳು. ಡಾಕ್ಟರು ಅದರ ಮೇಲೇ ಚಿಕಿತ್ಸೆ ಮಾಡುತ್ತಿದ್ದರು.

ಗುಂಡು ಎಂದರೆ ಏನು ಎಂದು ನಾನು ಅವಳಿಗೆ ಬಿಡಿಸಿ ಹೇಳಿದೆ. ರಿವಾಲ್ವರ್, ಸೀಸ, ಒಲೆ, ಮುಚ್ಚಿದ ಬಾಗಿಲು. ಕೊನೆಯದನ್ನು ನಾನೂ ಅವಳ ಬಾಯಿಂದ ಆಗಷ್ಟೇ ಕೇಳಿದ್ದು. ಅವಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು.

ರಕ್ತ ಪರೀಕ್ಷೆಯಲ್ಲಿ ಸೀಸ ಸಿಕ್ಕಿತು, ಬೇಕಾದಷ್ಟು. ನನಗೆ ಖುಷಿಯಾಯಿತು. ಸ್ನೇಹಿತನ ರಕ್ತದಲ್ಲಿ ವಿಷ ಇದೆ ಎಂಬ ಸುದ್ದಿ ಕೇಳಿ ಖುಷಿಪಟ್ಟವನು ನಾನೊಬ್ಬನೇ ಅಲ್ಲ, ಕಾಕು ದೇವರಿಗೆ ತುಪ್ಪದ ದೀಪ ಹಚ್ಚಿದರು. ವಿಷಕ್ಕೆ ಒಂದು ದಾರಿ ಇರುತ್ತದೆ, ಬಂದ ಹಾಗೆ ಹೋಗಲೂಬಹುದು. ಆದರೆ ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. ಮೆದುಳಿನ ಸ್ಕ್ಯಾನ್ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ, ವಯಸ್ಸಿಗೆ ತಕ್ಕ ಹಾಗಿದೆ ಎಂದರು. ಮರೆವು ಸೀಸದ ಕೆಲಸ ಶುರುವಾಗುವುದಕ್ಕೆ ಮುಂಚೆಯೇ ಇತ್ತೇ, ಅದನ್ನು ವಿಚಾರಿಸಿಕೊಂಡು ಬನ್ನಿ ಎಂದರು. ಮುಂಚೆಯೇ ಇದ್ದರೆ ಸೀಸ ಇಳಿಯಲೆಂದು ಕಾಯುತ್ತಾ ಕೂರಬೇಡಿ, ವ್ಯವಸ್ಥೆ ಮಾಡಿಕೊಳ್ಳಿ.

ವ್ಯವಸ್ಥೆ ಎಂದರೆ ಪೊವೇಯ ಮನೆ ಬಿಟ್ಟು, ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಮಗಳ ಮನೆಯ ಹತ್ತಿರ ಮರೆವಿನವರನ್ನು ನೋಡಿಕೊಳ್ಳುವ ಒಂದು ಜಾಗ. ಬಾಗಿಲಿಗೆ ಒಳಗಿನಿಂದ ತೆಗೆಯಲಾಗದ ಬೀಗ ಇರುವ ಜಾಗ. ಮಗಳು ನೋಡಿಕೊಂಡು ಬಂದಿದ್ದಳು. ಕಾಕು ಸುತರಾಂ ಒಪ್ಪಲಿಲ್ಲ.

ಆ ಮಧ್ಯಾಹ್ನದ ಕರೆಯ ವಿಷಯವನ್ನು ಅವರಿಗೆ ಹೇಳಿದ್ದೆ, ಹಾಗಾಗಿ ನನ್ನನ್ನು ಕರೆಸಿದರು. ಕಾಕಾ ಪಕ್ಕದ ಕೋಣೆಯಲ್ಲಿ ಟಿವಿಯ ಮುಂದೆ ಇದ್ದರು. ಊಟದ ಟೇಬಲ್ಲಿನ ಆಚೆ ತಾಯಿ ಮಗಳು, ಈಚೆ ನಾನು.

"ಅಂಕಲ್, ಜಸ್ಟ್ ಟೆಲ್ ಮಿ" ಎಂದಳು ಮಗಳು. "ಆ ಫೋನ್ ಕಾಲ್. ಬಿಫೋರ್ ಆರ್ ಆಫ್ಟರ್?"

ಇಷ್ಟು ಹೊತ್ತಿಗೆ ನಾನು ಹುಡುಕುವುದನ್ನೆಲ್ಲ ಹುಡುಕಿ ಮುಗಿಸಿದ್ದೆ. ಎರಡೂ ಡೈಗಳನ್ನು ಆರ್ಡರ್ ಮಾಡಿದ ದಿನಗಳು ಕಾಕಾ ಅವರ ಇಮೇಲಿನಲ್ಲಿದ್ದವು, ಆದರೆ ಕರೆ ಅವುಗಳಲ್ಲಿ ಯಾವುದರದ್ದು ಎಂದು ಇಮೇಲಿಗೆ ಗೊತ್ತಿಲ್ಲ. ನನ್ನ ಆಗಿನ ಫೋನ್ ಬದಲಾಗಿತ್ತು. ಅವರ ಫೋನನ್ನು ಅವರೇ ಎಲ್ಲೋ ಕಳೆದಿದ್ದರು. ಉಳಿದದ್ದು ನನ್ನ ತಲೆ.

ಟೊಮ್ಯಾಟೊ ತೊಳೆಯುತ್ತಿದ್ದೆ ಎಂದೆನಲ್ಲ, ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದ ಹಾಗೆ ನೆನಪು. ಅಂಗಡಿಯಿಂದ ತಂದದ್ದನ್ನೆಲ್ಲ ಸೋಪು ಹಾಕಿ ತೊಳೆಯುತ್ತಿದ್ದದ್ದು ಮೊದಲ ವಸಂತದಲ್ಲಿ. ಹಾಗಾದರೆ ಕರೆ ಮೊದಲಿನದು, ಸೀಸಕ್ಕಿಂತ ಮುಂಚಿನದು. ಆದರೆ ಫ್ಯಾನಿನ ಸದ್ದು? ಗ್ಯಾರೇಜಿಗೆ ಫ್ಯಾನ್ ಹಾಕಿಸಿದ್ದು ಹೊಗೆ ಶುರುವಾದ ಮೇಲೆ. ಹಾಗಾದರೆ ಆಮೇಲಿನದು. ಅಡುಗೆಮನೆಯ ಫ್ಯಾನೂ ಇರಬಹುದಲ್ಲ? ಇನ್ನು ಅಂಕಿ. ಕಾಕಾ ತಿರುಗಿ ಹೇಳಿದ ಅಂಕಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಎ ಎಂದು ಶುರುವಾಗುತ್ತದೆ. ಹಗಲು ಕೇಳಿಸಿಕೊಂಡರೆ ಎಂಟ. ಕಣ್ಣು ಮುಚ್ಚಿ ಕೇಳಿಸಿಕೊಂಡರೆ ಏಳ. ಎಷ್ಟು ಸಲ ಕೇಳಿಸಿಕೊಂಡಿದ್ದೇನೆಂದರೆ ಈಗ ಅದು ಅವರ ಧ್ವನಿಯೂ ಅಲ್ಲ, ನನ್ನದೇ.

ಇದಿಷ್ಟನ್ನೂ ಇದ್ದ ಹಾಗೇ ಹೇಳಿದೆ.

"ಸೋ, ಫಿಫ್ಟಿ ಫಿಫ್ಟಿ?" ಎಂದಳು ಮಗಳು.

"ಅಷ್ಟು ಅಂತಾನೂ ಹೇಳೋಕಾಗಲ್ಲಮ್ಮ."

"ಇದನ್ನೇ ಅಲ್ವಾ ಅಂಕಲ್ ನೀವು ಕಾಲೇಜಲ್ಲಿ ಟೀಚ್ ಮಾಡೋದು?" ಎಂದಳು. ಸಿಟ್ಟು ಮಾಡಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಕಾಕು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದವರು, "ಎಂಟ ಅಂದಿರ್ತಾರ" ಎಂದರು. "ಎಂಟ ಅಂದಾರ. ಅದಕ್ಕ ಮೊದ್ಲ ಅವ್ರು ಛಲೋ ಇದ್ರು, ನನಗ ಗೊತ್ತಿಲ್ಲೇನು? ಮನ್ಯಾಗ ಇದ್ದಾಕಿ ನಾನು. ಹೌದಿಲ್ಲೋ ಮಾಸ್ತರ?"

ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಇರಬಹುದು ಎಂದೆ. ನನ್ನ ಇರಬಹುದು ಎಂಬ ಮಾತನ್ನು ನಂಬಿ ಜೀವನದ ತೀರ್ಮಾನ ತೆಗೆದುಕೊಂಡವರು ಅವರೊಬ್ಬರೇ. ಕಾಯುವುದೆಂದಾಯಿತು.

ಮಗಳು ರಿವಾಲ್ವರನ್ನು ಕಾನೂನಿನ ಪ್ರಕಾರ ಅಂಗಡಿಯವನೊಬ್ಬನಿಗೆ ಒಪ್ಪಿಸಿದಳು. ಒಲೆ ಆರಿತು. ಕಾಕಾ ಔಷಧಿ ತೆಗೆದುಕೊಂಡರು. ಪ್ರತಿ ಸಲ ರಕ್ತ ಪರೀಕ್ಷೆಯ ಫಲ ಬಂದಾಗ ಕಾಕು ನನಗೆ ವಾಟ್ಸಾಪಿನಲ್ಲಿ ಅಂಕಿಯನ್ನು ಕಳಿಸುತ್ತಿದ್ದರು, ಪಕ್ಕದಲ್ಲಿ ಕೈಮುಗಿದ ಚಿತ್ರ. ಅಂಕಿ ಇಳಿಯಿತು. ಮತ್ತೆ ಇಳಿಯಿತು. ಕಾಕಾ ಕೂಡ ಇಳಿಯುತ್ತಲೇ ಹೋದರು. ಮೊದಲು ಊರುಗಳು ಹೋದವು, ಆಮೇಲೆ ಬಚ್ಚಲುಮನೆ ಯಾವ ಕಡೆ ಎಂಬುದು, ಆಮೇಲೆ ಮಗಳು. ಸೀಸ ಪೂರ್ತಿ ಇಳಿದ ಮೇಲೂ ಕಾಕು ಸ್ವಲ್ಪ ದಿನ ಕಾದರು. ರಕ್ತದಿಂದ ಹೋದರೂ ಮೂಳೆಯಲ್ಲಿ ಉಳಿದಿರುತ್ತದಂತೆ, ಅದೂ ಹೋಗಲಿ ಎಂದರು. ಆಮೇಲೆ ಅಂಕಿ ಕಳಿಸುವುದನ್ನು ನಿಲ್ಲಿಸಿದರು.

ಇದರಿಂದ ಕೂಡ ಏನೂ ಸಾಬೀತಾಗಲಿಲ್ಲ. ಸೀಸವೇ ಕಾರಣವಾಗಿದ್ದು, ಅದು ಮಾಡಿದ ಹಾನಿ ಸರಿಹೋಗದೆ ಉಳಿದಿರಬಹುದು. ಕುಡಿತ ಎಂದುಕೊಂಡು ಕಳೆದ ತಿಂಗಳುಗಳೇ ಕೈಕೊಟ್ಟಿರಬಹುದು. ಅಥವಾ ಸೀಸಕ್ಕೂ ಇದಕ್ಕೂ ಸಂಬಂಧವೇ ಇಲ್ಲದಿರಬಹುದು. ನಾನೂ ಒಂದು ದಿನ ಹೋಗಿ ರಕ್ತ ಕೊಟ್ಟು ಬಂದೆ. ಆ ಗ್ಯಾರೇಜಿನಲ್ಲಿ ನಾನೂ ಕೂತಿದ್ದೆನಲ್ಲ, ನನ್ನ ಕಿವಿಯಲ್ಲಿ ಏಳು ಎಂಟಾಗುವುದಕ್ಕೆ ಒಂದು ಕಾರಣ ಸಿಕ್ಕಿದರೆ ಸಾಕಾಗಿತ್ತು. ಫಲ ಸ್ವಚ್ಛವಾಗಿ ಬಂತು. ನನ್ನ ಮರೆವಿಗೆ ಹೊರಗಿನಿಂದ ಯಾವ ನೆಪವೂ ಇಲ್ಲ.

ಹೋದ ವರ್ಷ ಅವರನ್ನು ವುಡ್‌ಲ್ಯಾಂಡ್ ಹಿಲ್ಸ್‌ಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಕಾಕು ಫೋನ್ ಮಾಡಿ, ಗ್ಯಾರೇಜಿನಲ್ಲಿ ಉಳಿದಿರುವ ಸೀಸವನ್ನು ಒಯ್ದು ಹಾಕಿಬಿಡು ಎಂದರು. ವಿಷದ ಕಸ ತೆಗೆದುಕೊಳ್ಳುವ ಕೌಂಟಿಯ ಜಾಗಕ್ಕೆ ಅದನ್ನು ಕೊಡಬೇಕು. ಬೆಳಿಗ್ಗೆಯೇ ಹೊರಟು ಹೋದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು, ಒಳಗೆ ಬಿಸಿಲು ಬಿದ್ದಿತ್ತು. ಕಾಕು ಒಳಗೆ ಬಟ್ಟೆ ತುಂಬುತ್ತಿದ್ದರು. ಕಾಕಾ ಮಡಿಚುವ ಕುರ್ಚಿಯಲ್ಲಿ ಕೂತಿದ್ದರು, ಮೇಲಿನ ಗುಂಡಿಯವರೆಗೂ ಹಾಕಿದ ಶರಟು.

"ಬರ್ರಿ" ಎಂದರು.

ಸೀಸದ ಇಟ್ಟಿಗೆಗಳನ್ನು ಕಾರಿಗೆ ಹೊತ್ತು ಹಾಕಿದೆ. ಕೊನೆಗೆ ಸಿಕ್ಕಿದ್ದು ಒಂದು ಕಾಫಿ ಡಬ್ಬಿ, ಅದರ ತುಂಬ ಹೊಯ್ದು ಅಳತೆಗೆ ತಂದಿಟ್ಟ ಗುಂಡುಗಳು. ಕೈಗವಸು ಹಾಕಿಕೊಂಡಿದ್ದೆ. ಮೈಕ್ರೋಮೀಟರ್ ಯಾಕೆ ತಂದಿದ್ದೆ ಎಂದು ಕೇಳಿದರೆ ಹೇಳಲಾರೆ, ತಂದಿದ್ದೆ. ಕಾಕಾ ಅವರ ಮುಂದೆ ಕೆಳಗೆ ಕೂತು ಒಂದೊಂದನ್ನೇ ಅಳೆದೆ. ಏಳು. ಎಂಟು. ಎಂಟು. ಏಳು. ಎರಡು ಬಗೆಯವೂ ಒಂದೇ ಡಬ್ಬಿಯಲ್ಲಿ ಬೆರೆತುಹೋಗಿದ್ದವು. ಎಂಟರ ಡೈ ಬಂದ ಮೇಲೂ ಅವರು ಒಮ್ಮೊಮ್ಮೆ ಏಳರದ್ದನ್ನೇ ಹಾಕಿಕೊಂಡು ಕೂತಿದ್ದರೋ, ಹಳೆಯವನ್ನು ತಂದು ಇದಕ್ಕೇ ಸುರಿದಿದ್ದರೋ, ಅದೂ ತಿಳಿಯುವಂತಿರಲಿಲ್ಲ.

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಮಾಡಬಾರದ ಕೆಲಸ ಮಾಡಿದೆ. ಜಗತ್ತಿನಲ್ಲಿ ಇನ್ನು ಯಾರಿಗೂ ಉಪಯೋಗವಿಲ್ಲದ ಪ್ರಶ್ನೆಯನ್ನು ಕೇಳಿದೆ.

"ಕಾಕಾ, ಡೈ ಆರ್ಡರ್ ಮಾಡುವಾಗ ನನಗೆ ಪದೇ ಪದೇ ಫೋನ್ ಮಾಡಿದ್ರಲ್ಲ. ಎಷ್ಟು ಅಂದಿದ್ವಿ? ನೆನಪಿದೆಯಾ?"

ಅವರ ಕಣ್ಣು ಡಬ್ಬಿಯಿಂದ ನನ್ನ ಮುಖಕ್ಕೆ ಬಂತು, ಅಲ್ಲಿಂದ ಹೊರಗಿನ ರಸ್ತೆಗೆ ಹೋಯಿತು. ಆಮೇಲೆ ಹಳೆಯ ಧ್ವನಿಯಲ್ಲೇ, ಬರ್ರಿ ಇಲ್ಲದೆ, ತಮ್ಮದು ಇಲ್ಲದೆ, ಒಂದು ಮಾತು ಹೇಳಿದರು.

"ಏಳಪಾ."

ನಾನು ಕೂತೇ ಇದ್ದೆ. ಏಳು ಎಂದರೆ ಅಂಕಿ. ಏಳು ಎಂದರೆ ಎದ್ದೇಳು. ಅವರು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಎಲ್ಲ ಸೀಸಕ್ಕಿಂತ ಮೊದಲೇ ಶುರುವಾಗಿತ್ತು, ಕಾಕು ಕಾದದ್ದೆಲ್ಲ ಸುಮ್ಮನೆ. ಹೊತ್ತಾಯಿತು, ಇನ್ನು ಎದ್ದು ಹೋಗು ಎಂದಿದ್ದರೆ ಅದಕ್ಕೆ ಯಾವ ಅರ್ಥವೂ ಇಲ್ಲ. ಇನ್ನೊಮ್ಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮುಖ ತಿರುಗಿಸಿಕೊಂಡಿದ್ದರು. ಒಳಗಿನಿಂದ ಕಾಕು, "ಏನಂತಾರ?" ಎಂದು ಕೂಗಿ ಕೇಳಿದರು.

"ಏನೂ ಇಲ್ಲ ಕಾಕು" ಎಂದೆ.

ಡಬ್ಬಿಯ ಮುಚ್ಚಳ ಹಾಕಿ ಎದ್ದೆ.